ಬೀಗರಿಗೆ ಬಡಿಸಿದ ಮಾರ್ಲಿನ್

ಕೆ.ಆರ್. ಪೇಟೆಯ ತಂಗಿ ಮನೆಯಲ್ಲಿ ಬೀಗರೆಲ್ಲ ಕಾದಿದ್ದರು, ಒಲೆಯ ಮೇಲೆ ಮಸಾಲೆ ಕುದಿಯುತ್ತಿತ್ತು. ಆಗ ಅವಳ ಮಗ ಬರಿಗೈಯಲ್ಲಿ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದ! ಫಿಶಿಂಗ್ ಕ್ಲಬ್ಬಿನೊಂದಿಗೆ ಅಂಡಮಾನಿಗೆ ಹೋಗಿದ್ದವನು, ಆಳುದ್ದದ ಮಾರ್ಲಿನ್ ಮೀನು ಹಿಡಿದೆನೆಂದು ಫೋನ್ ಮಾಡಿದ್ದ. ಅದನ್ನು ನಂಬಿ ತಂಗಿ, ಮಗಳ ಅತ್ತೆಮನೆಯವರನ್ನೆಲ್ಲ ಮೀನೂಟಕ್ಕೆ ಕರೆದಿದ್ದಳು.

"ಇಡ್ದು ವಾಪಸ್ ಬುಡೋದೇ ಕಣವ್ವ ಸ್ಪೋರ್ಟು. ಪಾಪ, ಸುಸ್ತಾಗಿತ್ತು."

"ಫೋಟೋ ನೆಂಚ್ಕೊಂಡು ಮುದ್ದೆ ನುಂಗಾಕಾಯ್ತದೇನ್ಲಾ?" ಎಂದಳು ತಂಗಿ. ಮಗಳು ನಾಳೆ ಆ ಮನೆಯಲ್ಲಿ ಮಾತು ಕೇಳಬೇಕಲ್ಲ! ಬೀಗರು ಮೀನಿಲ್ಲದ ಮೀನ್‌ಸಾರಿನಲ್ಲೇ ಮುದ್ದೆ ಮುಗಿಸಿ, ಎಲೆಅಡಿಕೆಗೂ ಕೂರದೆ ಎದ್ದರು. ವೆರಿ ಎಂಬರಾಸಿಂಗ್.

ಮೀನಿನ ಮೈ ಸವರಿ, ಸುಸ್ತಾರುವ ತನಕ ಕಾದು, ಸಮುದ್ರಕ್ಕೆ ಬೀಳ್ಕೊಟ್ಟರಂತೆ. ಹೌ ಸ್ವೀಟ್! ಬೀಗರನ್ನು ಗೇಟಿನವರೆಗೆ ಕಳಿಸಿಕೊಡಲು ಮಾತ್ರ ನಮ್ಮ ಜೆಂಟಲ್‌ಮನ್ ಕುರ್ಚಿ ಬಿಟ್ಟು ಏಳಲೇ ಇಲ್ಲ.