ಇನ್ನೊಂದು ಸೌಟು ಪಾಯಸ

ನನ್ನ ಕಾಲುಗಳ ಬಗ್ಗೆ ನನಗೆ ಸಿಕ್ಕಾಪಟ್ಟೆ ಜಂಬವಿತ್ತು. ಹನುಮಂತನಗರದ ಮನೆಯಿಂದ ಸುಬ್ರಹ್ಮಣ್ಯಪುರದ ನಮ್ಮ ಹೊಲದವರೆಗೆ ಸೈಕಲ್ ತುಳಿದು, ಕೆಲಸ ನೋಡಿಕೊಂಡು, ಊಟದ ಹೊತ್ತಿಗೆ ಮನೆ ಸೇರುತ್ತಿದ್ದವನು ನಾನು. ಪಂಚೆ ಎತ್ತಿ ಕಟ್ಟಿದರೆ ಮೀನಖಂಡ ಎದ್ದು ಕಾಣುತ್ತಿತ್ತು. ಕಾಣಲಿ ಎಂದೇ ಎತ್ತಿ ಕಟ್ಟುತ್ತಿದ್ದೆ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನಗೆ ಅರವತ್ತು ದಾಟಿತ್ತು. ಸಕ್ಕರೆ ಕಾಯಿಲೆ ಹಳೆಯದಾಗಿತ್ತು. ತೂಕ ಮಾತ್ರ ಇದ್ದಲ್ಲೇ ಇತ್ತು. ಡಾಕ್ಟರ ತೂಕದ ಯಂತ್ರದಿಂದ ಇಳಿದಾಗಲೆಲ್ಲ ಹೆಂಡತಿಯ ಕಡೆ ಗೆದ್ದವನ ಹಾಗೆ ನೋಡುತ್ತಿದ್ದೆ. ಆದರೆ ಅದೇ ಹಳೆಯ ಪ್ಯಾಂಟು ಸೊಂಟದಲ್ಲಿ ಬಿಗಿಯಾಗುತ್ತ, ತೊಡೆಯಲ್ಲಿ ಜೋಲತೊಡಗಿತು. ವಯಸ್ಸಾದಂತೆ ಈ ಕಾಯಿಲೆಯವರ ಕೈಕಾಲಿನ ಮಾಂಸ ಕರಗುತ್ತದೆ, ಹೊಟ್ಟೆಯಲ್ಲಿ ಕೊಬ್ಬು ಸೇರುತ್ತದೆ, ತೂಕದಲ್ಲಿ ಅದು ಗೊತ್ತಾಗುವುದೇ ಇಲ್ಲ ಎಂದು ಡಾಕ್ಟರು ವಿವರಿಸಿದ್ದು ಎಷ್ಟೋ ಆಮೇಲೆ. ಬಚ್ಚಲಲ್ಲಿ ನನ್ನ ಕಾಲು ನೋಡಿಕೊಳ್ಳಲು ನನಗೇ ನಾಚಿಕೆಯಾಗುತ್ತಿತ್ತು. ಎರಡು ಕೋಲಿನ ಮೇಲೆ ಗಡಿಗೆ ಕೂರಿಸಿದ ಹಾಗಿದ್ದೆ.

ನೆಲದಿಂದ ಏಳುವುದು ಕಷ್ಟವಾದಾಗ ಯಾರಿಗೂ ಹೇಳಲಿಲ್ಲ. ಜಯನಗರಕ್ಕೆ ಹೋಗಿ ಒಂದು ಊಟದ ಮೇಜು ತಂದೆ.

"ಇನ್ನೂ ಎಷ್ಟು ದಿನ ನೆಲದ ಮೇಲೆ ಕೂತ್ಕೊಂಡು ತಿನ್ನೋದು?" ಎಂದು ಹೆಂಡತಿಗೆ ಗತ್ತಿನಿಂದ ಹೇಳಿದೆ. ಅಕ್ಕಪಕ್ಕದವರು ಬಂದು ಮೇಜನ್ನು ಮುಟ್ಟಿ ನೋಡಿ ಹೋದರು. ಹೆಂಡತಿ ಮಾತ್ರ ತನ್ನ ಊಟ ಅಡುಗೆಮನೆಯ ನೆಲದಲ್ಲೇ ಮುಂದುವರಿಸಿದಳು.

ಆ ವರ್ಷ ತಂಗಿಯ ಮಗಳ ಮದುವೆ. ಹುಡುಗಿಯ ಸೋದರಮಾವ ನಾನು, ಹಾಗಾಗಿ ಪಂಕ್ತಿಯ ಮೊದಲ ಎಲೆ ನನ್ನದು. ಎದುರು ಸಾಲಿನಲ್ಲಿ ಬೀಗರು. ಕೂರುವುದೇನೋ ಧೊಪ್ಪೆಂದು ಚಾಪೆಯ ಮೇಲೆ ಕೂತುಬಿಟ್ಟೆ. ಊಟ ಮುಗಿಯಿತು. ನಮ್ಮಲ್ಲಿ ಹಿರಿಯರು ಏಳದೆ ಪಂಕ್ತಿ ಏಳುವುದಿಲ್ಲ. ಎಲ್ಲರೂ ಮಜ್ಜಿಗೆ ಅನ್ನ ಮುಗಿಸಿ, ಕೈ ಒಣಗಿಸಿಕೊಂಡು ನನ್ನನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಎರಡನೇ ಪಂಕ್ತಿಯವರು ನಿಂತಿದ್ದರು. ಎಂಜಲುಗೈ ನೆಲಕ್ಕೆ ಊರುವಂತಿಲ್ಲ. ಎಡಗೈ ಊರಿ ಒತ್ತಿದೆ. ಹೊಟ್ಟೆ ಅಡ್ಡ ಬಂತು, ತೊಡೆ ಗಡಗಡ ನಡುಗಿತು. ಚಾಪೆ ಬಿಟ್ಟು ಒಂದಿಂಚೂ ಮೇಲೇಳಲಿಲ್ಲ.

"ಪಾಯಸ ಇನ್ನೊಂದು ಸೌಟು ಬಿಡಪ್ಪಾ," ಎಂದೆ ಬಡಿಸುವವನಿಗೆ.

"ಮಜ್ಜಿಗೆ ಆದ್ಮೇಲೆ ಪಾಯಸಾನಾ!" ಎಂದು ಎದುರು ಸಾಲಿನಲ್ಲಿ ಯಾರೋ ನಕ್ಕರು. ನಾನೂ ನಕ್ಕೆ. ನಿಧಾನವಾಗಿ ತಿಂದು, ಮತ್ತೆ ಒತ್ತಿ ನೋಡಿದೆ. ಆಗಲಿಲ್ಲ. ಮತ್ತೊಂದು ಸೌಟು ಕೇಳಿದೆ. ತಂಗಿಯ ಮುಖ ಸಣ್ಣದಾಯಿತು. "ಕೈ ಕೊಡ್ರಪ್ಪಾ" ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಹೊಟ್ಟೆಬಾಕ ಅನ್ನಿಸಿಕೊಂಡರೂ ಪರವಾಗಿಲ್ಲ, ಕೈಲಾಗದವನು ಅನ್ನಿಸಿಕೊಳ್ಳಬಾರದು. ನನ್ನ ಬುದ್ಧಿ ಓಡಿದ್ದು ಅಷ್ಟೇ.

ಆಗ ಹೆಂಗಸರ ಕಡೆಯಿಂದ ನನ್ನ ಹೆಂಡತಿ ದಡದಡ ಬಂದಳು.

"ಶುಗರ್ ಇಟ್ಕೊಂಡು ಎಷ್ಟೂಂತ ತಿಂತೀರ್ರೀ? ಮಾನ ಮರ್ಯಾದೆ ಬೇಡ್ವಾ? ಏಳ್ರೀ ಮೇಲೆ!"

ಕಂಕುಳಿಗೆ ಕೈ ಹಾಕಿ ಎಳೆದಳು. ಮದುವೆಯಾದಾಗಿನಿಂದ ನನ್ನೆದುರು ದನಿ ಎತ್ತದವಳು! ಬೆಪ್ಪಾಗಿ ನೋಡುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ. ಪಂಕ್ತಿಯೂ ಎದ್ದಿತು.

"ಗಂಡನ್ನ ಎಲೆ ಮುಂದಿಂದ ಎಳ್ಕೊಂಡು ಹೋಗೋ ಹೆಂಗಸ್ನ ನಾನಂತೂ ಕಂಡಿಲ್ಲಮ್ಮ," ಎಂದಳು ಬೀಗರ ಕಡೆಯ ಮುದುಕಿಯೊಬ್ಬಳು, ಕೇಳಲಿ ಎಂದೇ. ಹೆಂಡತಿ ತಲೆ ತಗ್ಗಿಸಿಕೊಂಡು ನಡೆದಳು. ನನ್ನ ತೋಳು ಮಾತ್ರ ಬಿಡಲಿಲ್ಲ.

ಕೈ ತೊಳೆಯುವಲ್ಲಿ ನಾನೇ ಅವಳ ಮೇಲೆ ರೇಗಿದೆ. "ಅಷ್ಟು ಜನದ ಮುಂದೆ ಹಾಗಾ ಬೈಯೋದು?"

ಅವಳು ಚೊಂಬಿನಿಂದ ನನ್ನ ಕೈಗೆ ನೀರು ಹಾಕಿದಳು. "ಮೇಜು ತಂದ್ರಲ್ಲ, ಆವತ್ತೇ ನಂಗೆ ಗೊತ್ತಾಯ್ತು," ಎಂದಳು. "ಬೈಯದೆ ಎಬ್ಬಿಸಿದ್ರೆ ಅವ್ರಿಗೆಲ್ಲ ಗೊತ್ತಾಗೋದು."

ನೆಂಟರು ಈಗಲೂ ಅವಳನ್ನು, ಊಟಕ್ಕೆ ಕೂತ ಗಂಡನನ್ನು ಎಬ್ಬಿಸಿದ ಗಯ್ಯಾಳಿ ಎನ್ನುತ್ತಾರೆ. ನಮ್ಮ ಮನೆಗೇ ಬಂದು, ಅದೇ ಮೇಜಿಗೆ ಒರಗಿ ನಿಂತು, ಅವಳೆದುರೇ ಆ ಕಥೆ ಹೇಳಿ ನಗುತ್ತಾರೆ. ಅವಳೂ ನಕ್ಕು ಕಾಫಿ ತರಲು ಒಳಗೆ ಹೋಗುತ್ತಾಳೆ. ನಾನು ಕುರ್ಚಿಯಲ್ಲಿ ಕೂತು ಪಂಚೆಯನ್ನು ಪಾದದವರೆಗೆ ಎಳೆದುಕೊಳ್ಳುತ್ತೇನೆ.