ಕಣ್ಣು ಬರೆದ ಮೀನು

ಕೈಯಿಂದ ಬಣ್ಣ ಒರೆಸುವ ತಿನ್ನರ್ ವಾಸನೆ ಇನ್ನೂ ಹೋಗಿಲ್ಲ. ಸೋಪು, ನಿಂಬೆಹಣ್ಣು, ಕಡಲೆಹಿಟ್ಟು ಎಲ್ಲ ಹಚ್ಚಿದ್ದಾಯಿತು. ಊಟಕ್ಕೆ ಕುಳಿತರೆ ತುತ್ತಿನ ಜೊತೆ ದೊಡ್ಡಪ್ಪನ ಜಗುಲಿಯೂ ಬಾಯಿಗೆ ಬರುತ್ತದೆ: ಬಣ್ಣ ಮೆತ್ತಿದ ಡಬ್ಬಿಗಳು, ಗೋಡೆಗೆ ಒರಗಿಸಿದ ತಗಡಿನ ಬೋರ್ಡುಗಳು, ಅವುಗಳ ಮೇಲೆ ನೀಲಿ, ಅರಿಶಿನ, ಹಣ್ಣು ಮೆಣಸಿನಕಾಯಿಯ ಕೆಂಪು. ಮಾರಿಕಣಿವೆ ಅಣೆಕಟ್ಟಿನ ಪಕ್ಕದಲ್ಲಿ ನಾವೆಲ್ಲ ಒಟ್ಟಿಗಿದ್ದ ನಮ್ಮ ಮನೆಯಿತ್ತು. ಹಿರಿಯೂರು ಸೀಮೆಗೆ ಸಮುದ್ರವೆಂದರೆ ಆ ನೀರೇ. ರಜೆ ಬಂತೆಂದರೆ ಊರೂರಿನಿಂದ ಜನ ಬರುತ್ತಿದ್ದರು. ದಾರಿಯುದ್ದಕ್ಕೂ ಮೀನು ಕರಿಯುವ ಗುಡಿಸಲುಗಳು, ಒಂದೊಂದಕ್ಕೂ ದೊಡ್ಡಪ್ಪ ಬರೆದ ಬೋರ್ಡು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಬ್ರಷ್ಷನ್ನೂ ಮೇಕೆಯ ಕೂದಲಿನಿಂದ ತಾನೇ ಕಟ್ಟುತ್ತಿದ್ದ. ದೊಡ್ಡಮ್ಮ ಬಣ್ಣ ಕಲಸುತ್ತಿದ್ದಳು. ನನ್ನ ನೆನಪಿನಲ್ಲಿ ಆ ಜಗುಲಿಗೆ ಸದಾ ಬಿಸಿಲು. ಮನೆಯ ಬಾಗಿಲು ಉತ್ತರಕ್ಕಿತ್ತು, ಅಷ್ಟು ಬಿಸಿಲು ಎಲ್ಲಿಂದ ಬಂತೋ. ಹಾಗಾಗಿ ನಾನು ಹೇಳುವುದನ್ನೆಲ್ಲ ನೀವು ನಂಬಬೇಕಿಲ್ಲ.

ದೊಡ್ಡಪ್ಪನದೊಂದು ಪದ್ಧತಿಯಿತ್ತು. ಮೀನಿನ ಚಿತ್ರ ಪೂರ್ತಿ ಬರೆದು ಕಣ್ಣು ಮಾತ್ರ ಬಿಡುತ್ತಿದ್ದ. ಅಂಗಡಿಯಲ್ಲಿ ಮೊದಲ ಸಲ ಒಲೆ ಹೊತ್ತಿ, ಎಣ್ಣೆ ಕಾದ ಮೇಲೆ ಹೋಗಿ ಕರಿ ಚುಕ್ಕೆ ಇಡುತ್ತಿದ್ದ. "ಏನಪ್ಪ, ಕುರುಡು ಮೀನು ನೋಡಿ ಯಾರು ಒಳಗೆ ಬರ್ತಾರೆ?" ಎಂದು ಅಂಗಡಿಯವನೊಬ್ಬ ರೇಗಿದರೆ, "ಲೇ, ಮೊದ್ಲು ಒಲೆ ಹಚ್ಚು. ಗಿರಾಕಿ ಇಲ್ದಂಗೆ ಅದು ಕಣ್ಣು ಬಿಟ್ಕಂಡು ನಿನ್ನ ಮುಖ ನೋಡ್ಬೇಕೇನು?" ಎನ್ನುತ್ತಿದ್ದ.

ಕೊನೆಗೆ ಒಂದು ಬೋರ್ಡು ದೊಡ್ಡಮ್ಮನಿಗೆಂದೇ ಬರೆದ. ಅವಳದೇ ಅಂಗಡಿ, ಅವಳದೇ ಹೆಸರು. ಆ ವರ್ಷ ನೀರು ದೂರ ಸರಿದು ಬರೀ ಕೆಸರು ಉಳಿಯಿತು; ಜನ ಬರುವುದು ನಿಂತಿತು. ಅಂಗಡಿ ಏಳಲಿಲ್ಲ. ಮೀನು ಕಣ್ಣಿಲ್ಲದೆ ಬಾಗಿಲ ಹಿಂದೆ ನಿಂತಿತು. ದೊಡ್ಡಪ್ಪ ತೀರಿಹೋದ. ಈಗ ನೀರು ತುಂಬಿದೆ, ಫ್ಲೆಕ್ಸುಗಳು ಬಂದಿವೆ, ನಮ್ಮ ಮನೆಯಿದ್ದಲ್ಲಿ ಕಾರುಗಳು ನಿಲ್ಲುತ್ತವೆ. ಮನೆ ಕೆಡವುವಾಗ ಆ ಬೋರ್ಡನ್ನು ನಾನು ದುರ್ಗದ ನನ್ನ ಮನೆಗೆ ತಂದು ಗೋಡೆಗೆ ಹಾಕಿಕೊಂಡೆ. ಬಂದವರಿಗೆಲ್ಲ ಕಣ್ಣಿನ ಕಥೆ ಹೇಳಿದೆ. ಹೇಳಿ ಹೇಳಿ ಕಥೆ ನನ್ನದೇ ಆಯಿತೋ ಏನೋ, ಹೋದ ತಿಂಗಳು ಒಂದು ಮಧ್ಯಾಹ್ನ ಕಣ್ಣನ್ನೂ ನಾನೇ ಬರೆದುಬಿಟ್ಟೆ. ದೊಡ್ಡಪ್ಪನ ಕೆಲಸ ಪೂರ್ತಿ ಮಾಡಿದೆ ಎಂದುಕೊಂಡೆ.

ಭಾನುವಾರ ಹೊಸದುರ್ಗದ ಮಗಳ ಮನೆಯಿಂದ ದೊಡ್ಡಮ್ಮ ಬಂದಳು. ಚಪ್ಪಲಿ ಬಿಡುತ್ತಲೇ ಗೋಡೆ ನೋಡಿದಳು.

"ಕಣ್ಣು ಯಾರೇ ಬರೆದಿದ್ದು?"

"ನಾನೇ, ದೊಡ್ಡಮ್ಮ."

"ಒಲೆ ಎಲ್ಲಿ ಹಚ್ಚಿದ್ದೆ?"

ಸಿಟ್ಟಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ನಾನು ತಿನ್ನರ್ ತಂದು ಬಟ್ಟೆಯಿಂದ ಉಜ್ಜಿದೆ. ನನ್ನ ಕಪ್ಪು ಕದಲಲಿಲ್ಲ. ಸುತ್ತಲಿನ ನೀಲಿ, ದೊಡ್ಡಪ್ಪನ ನೀಲಿ, ಬಟ್ಟೆಗೆ ಬಂತು. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದಳು. "ಸಾಕು ಬಿಡೇ. ಮುಖಾನೇ ಹೋಗ್ತೈತೆ."

ಕಾಫಿ ಕೊಟ್ಟೆ. ಕುಡಿಯುತ್ತ ಅವಳಾಗಿಯೇ ಹೇಳಿದಳು: "ಅಂಗ್ಡಿ ಬೆಂಚು ನೀರಿನ ಕಡೀಕೆ ಹಾಕ್ಸಾಣ ಅಂದಿದ್ದೆ. ತಿನ್ನೋರು ನೀರು ನೋಡ್ಕಂತ ತಿನ್ಲಿ ಅಂತ. ‘ನನ್ನ ಬೋರ್ಡಿಗೆ ಬೆನ್ನು ಹಾಕಿ ಕುಂದ್ರುಸ್ತೀಯಾ?’ ಅಂತ ನಿಮ್ಮ ದೊಡ್ಡಪ್ಪ ಎರಡು ದಿನ ಮಾತು ಬಿಟ್ಟಿದ್ದ!" ನಕ್ಕಳು. ಆ ಬೆಂಚು, ಆ ಜಗಳ ಯಾವುದೂ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನನ್ನ ಕಥೆಯಲ್ಲಿ ಅವಳು ಬಣ್ಣವನ್ನಷ್ಟೇ ಕಲಸುತ್ತಿದ್ದಳು.

"ಇಲ್ಲಿಂದ ನಮ್ಮ ನೀರು ಯಾವ ಕಡೀಕೆ ಬರ್ತೈತೆ?" ಎಂದು ಕೇಳಿದಳು.

ಕಿಟಕಿಯ ಕಡೆ ಕೈ ತೋರಿಸಿದೆ. ಅದು ಸರಿಯಾದ ದಿಕ್ಕೋ ಅಲ್ಲವೋ, ನನಗೆ ಗೊತ್ತಿರಲಿಲ್ಲ. ದೊಡ್ಡಮ್ಮ ಎದ್ದು ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಂಡು ಕುಳಿತಳು.