ಹೊಗೆ ತಾಕದ ಅಟ್ಟದ ಕಾಳು

ಬಂದ ಜಂಗಮರನ್ನು ಬರಿಗೈಯಲ್ಲಿ ಕಳುಹದವರು. ಇಷ್ಟಲಿಂಗಕ್ಕೆ ಅರ್ಪಿಸದೆ ನೀರನ್ನೂ ಕುಡಿಯದವರು. ಜಗಳಕ್ಕೆ ಬಂದವರನ್ನೂ ಮಜ್ಜಿಗೆ ಕೊಟ್ಟು ಕೂರಿಸುವವರು. ಅಂಗಳದಲ್ಲಿ ಚೆಲ್ಲಿದ ಒಂದು ಕಾಳನ್ನೂ ಕಾಲಿನಿಂದ ಸರಿಸದೆ, ಕಣ್ಣಿಗೊತ್ತಿಕೊಂಡು ಮೊರಕ್ಕೆ ಹಾಕುವವರು, ಕವಲಂದೆಯ ಸಿದ್ದಲಿಂಗಮ್ಮನವರು.

ಅವರ ಕೊಟ್ಟಿಗೆಯಲ್ಲಿ ಚೆನ್ನಿ ಎಂಬ ಹಸುವಿತ್ತು. ಹುಟ್ಟಿದ ದಿನವೇ ತಬ್ಬಲಿಯಾದ ಕರುವಿಗೆ ಸೀಸೆಯಲ್ಲಿ ಹಾಲೂಡಿ ಬೆಳೆಸಿದ್ದರು. ಅದೀಗ ಚೊಚ್ಚಲ ಗಬ್ಬ. ಮುಸುಕಿನ ಜೋಳವನ್ನು ನೆನೆಸಿ, ಗೋಣಿಯಲ್ಲಿ ಕಟ್ಟಿ, ಮೊಳೆತುದನ್ನು ಟ್ರೇಗಳಲ್ಲಿ ಹರಡಿ, ಎಂಟನೆಯ ದಿನ ಹಸಿರೇರಿದ ಮೇವನ್ನು ತಾವೇ ಹರಿದು ತಿನ್ನಿಸುವರು.

"ಎತ್ತ ಮಗಂಗೂ ಇಂಗೆ ಉಣ್ಣಿಸ್ನಿಲ್ಲ ಕಣೇ ನೀನು," ಎಂದು ಗಂಡ ಗಂಗಾಧರಸ್ವಾಮಿ ಅಣಕಿಸುವರು.

"ಅವ್ನೂ ಚೆನ್ನಿಯಂಗೆ ಮಾತು ಕೇಳಿದ್ರೆ ಉಣ್ಣಿಸ್ತಿದ್ದೆ."

ಕಾಳಿನ ಮೂಟೆ ಅಟ್ಟದಲ್ಲಿರುವುದು ಅತ್ತೆಯ ಕಾಲದ ರೂಢಿ. ಕೆಳಗಿನ ಒಲೆಯ ಹೊಗೆಯೂ ಬಿಸಿಯೂ ಅದಕ್ಕೆ ತೇವ ತಾಕಗೊಡುತ್ತಿರಲಿಲ್ಲ. ಸೊಸೆ ನಂದಿತಾಳ ಉಬ್ಬಸವನ್ನು ನೋಡಲಾರದೆ ಸಿದ್ದಲಿಂಗಮ್ಮನವರೇ ಒಲೆಯನ್ನು ಆರಿಸಿ ಗ್ಯಾಸು ತರಿಸಿದರು. ಮೂಟೆ ಮಾತ್ರ ಅಟ್ಟದಲ್ಲೇ ಉಳಿಯಿತು. ಮಳೆಗಾಲವೊಂದು ಅದರ ಮೇಲೆ ಹಾದುಹೋಯಿತು.

ಮುಂದೊಂದು ದಿನ ಟ್ರೇಯ ಬೇರುಗಳ ನಡುವೆ ಬಿಳಿಯ ಎಳೆಗಳು ಕಂಡವು. ಮುಗ್ಗಲು ವಾಸನೆಯೂ ಬಂತು. ಧಾನ್ಯವನ್ನು ಬಿಸಾಡಲು ಕೈಬಾರದೆ, ಎರಡು ಸಲ ತೊಳೆದು ತಿನ್ನಿಸಿದರು. ಹೀಗೆ ನಾಲ್ಕು ದಿನ. ಐದನೆಯ ದಿನ ಚೆನ್ನಿ ಮೆಲುಕು ಹಾಕುವುದನ್ನು ಬಿಟ್ಟಿತು; ಮೈ ನಡುಗಿ, ಗಬ್ಬ ಜಾರಿ, ನೆಲ ಹಿಡಿಯಿತು.

ಪಶುವೈದ್ಯರು ಟ್ರೇಯನ್ನು ಮೂಸಿ ನೋಡಿದರು. "ಇದು ಬೂಷ್ಟಿನ ವಿಷ ಕಣಮ್ಮ. ಕಾಳು ಎಲ್ಲಿಟ್ಟಿದ್ರಿ?"

"ಅಟ್ಟದ ಮೇಲೆ ಸಾ. ನಮ್ಮತ್ತೆ ಕಾಲ್ದಿಂದ್ಲೂ ಅಲ್ಲೇ."

"ಕೆಳಗೆ ಒಲೆ ಉರೀತದಾ?"

ಬಾಗಿಲಲ್ಲಿದ್ದ ನಂದಿತಾ ಅಳತೊಡಗಿದಳು. "ನನ್ನಿಂದ್ಲೇ ಆಯ್ತು ಅತ್ತೆ."

"ಸುಮ್ನಿರವ್ವ. ವಾಸ್ನೆ ಬಂದ್ರೂ ತಿನ್ಸಿದ್ದು ನಾನು. ನೀನು ಉಸ್ರಾಡ್ಕಂಡಿದೀಯಲ್ಲ, ಅದು ಸಾಕು ನಂಗೆ."

ಸಂಜೆಗೆ ಚೆನ್ನಿ ಪ್ರಾಣ ಬಿಟ್ಟಿತು. ಹಣೆಗೆ ವಿಭೂತಿಯಿಟ್ಟು ಹಿತ್ತಿಲಲ್ಲಿ ಮಣ್ಣು ಮಾಡಿದರು.

ಮರುದಿನ ನೆರೆಯ ಶಿವಮಲ್ಲಪ್ಪ ಬಂದರು. "ಅರ್ಧ ಮೂಟೆ ಉಳ್ದದಂತಲ್ಲಕ್ಕ. ಬಿಸ್ಲಿಗಾಕಿ ನಮ್ಮ ದನಕ್ಕೆ ಆಕ್ತೀನಿ, ಕೊಡು."

"ಬ್ಯಾಡ ಕಣಪ್ಪ. ಬಿಸ್ಲಿಗೆ ವಾಸ್ನೆ ಓದೀತು, ಇಸ ಓಗಲ್ಲ."

ಆಳುದ್ದದ ಗುಂಡಿ ತೋಡಿಸಿ, ಮೂಟೆಯನ್ನು ತಾವೇ ಸುರಿದರು. ಅಂಚಿಗೆ ಸಿಡಿದ ಕಾಳುಗಳತ್ತ ಕೈ ರೂಢಿಯಂತೆ ಚಾಚಿತು, ನಿಂತಿತು. ಆಮೇಲೆ ಅವನ್ನು ಪಾದದಿಂದಲೇ ಒಳಗೆ ನೂಕಿ, ಕೂತು ಅತ್ತರು.

ಕರುಣಾಳುವಾದ ಶ್ರೀಕಂಠೇಶ್ವರನು ಆ ತಾಯಿಯ ಎದೆಯ ಉರಿಯನ್ನು ತಣಿಸಲಿ. ಸೊಸೆಯ ಉಸಿರು ಹಗುರಾಗಲಿ, ಯಜಮಾನರ ನಗೆ ಮರಳಲಿ. ಆ ಮನೆಯ ಮಂದಿಗೂ ದನಕ್ಕೂ ಆಯುರಾರೋಗ್ಯಗಳುಂಟಾಗಲಿ.